ಗಾಡಿ ಹೊಡೆದವನು, ಗಾಡಿ ಹೊಡೆದವಳು

ಜೂನ್ 2, ಸೋಮವಾರ

ಬೆಳಿಗ್ಗೆ ಆನ್‌ಲೈನ್ ಕ್ಲಾಸು. ಲಕ್ಷ್ಮೇಶ್ವರದ ಹುಡುಗಿಯ ನೆಟ್ ಮತ್ತೆ ಕೈಕೊಟ್ಟಿತು. ಶಿರಹಟ್ಟಿಯವಳು ಮ್ಯೂಟ್ ಮಾಡದೆ ರೊಟ್ಟಿ ಬಡಿಯುತ್ತ ಕೂತಿದ್ದಳು. ಜರ್ಮನ್ ವ್ಯಾಕರಣಕ್ಕೆ ತಾಳ ಹಾಕಿದ ಹಾಗಿತ್ತು. ಬೈಯಲಿಲ್ಲ. ನಗು ಬಂತು.

ಇವತ್ತು ಗಂಡು-ಹೆಣ್ಣು ಪಾಠ. ಕಲಿಸುವವನು ಲೇರರ್, ಕಲಿಸುವವಳು ಲೇರೆರಿನ್. ಗಾಡಿ ಹೊಡೆಯುವವನು ಫಾರರ್, ಹೊಡೆಯುವವಳು ಫಾರೆರಿನ್. ಈ ಎರಡನೇ ಉದಾಹರಣೆ ಪುಸ್ತಕದ್ದೇ. ನಾನು ಹುಡುಕಿ ತಂದದ್ದಲ್ಲ. ಆದರೂ ಅದನ್ನು ಓದಿ ಪುಸ್ತಕ ಕೆಳಗಿಟ್ಟೆ. ನೀರು ಕುಡಿದು ಮುಂದುವರಿಸಿದೆ.

ಮಧ್ಯಾಹ್ನ ಅಮೀರಾ ಮ್ಯಾಡಮ್ ಫೋನು. ನರ್ಸುಗಳನ್ನು ಜರ್ಮನಿಗೆ ತಯಾರು ಮಾಡುವ ಈ ಕ್ಲಾಸು ಅವರದು. ದನಿ ತಗ್ಗಿಸಿ ಮಾತಾಡಿದರು.

"ವಿದ್ಯಾ, ಒಬ್ಬ ಸ್ಟೂಡೆಂಟ್ ಬಂದಾನ. ಹದಿನೆಂಟಕ್ಕ ಇಂಟರ್‌ವ್ಯೂ ಐತಿ. ಸ್ಪೀಕಿಂಗ್ ಭಾಳ ವೀಕ್. ನಿಮ್ಮ ಕಡೇನ ಕಲೀಬೇಕಂತಾನ. ಹೊಂಬಳದ ಸೋಮೇಶ."

ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಹದಿನೆಂಟು, ಬುಧವಾರ.

"ನೀವು ಬ್ಯಾಡ ಅಂದ್ರ ನಾ ಈಗ ಇಲ್ಲ ಅಂದುಬಿಡ್ತೀನಿ."

"ಕಳಸ್ರಿ ಮ್ಯಾಡಮ್," ಅಂದೆ.

ಫೋನಿಟ್ಟ ಮೇಲೆ ಬೇಸರ ಆಗಲಿಲ್ಲ. ಅದೇ ಆಶ್ಚರ್ಯ. ಹಸಿದು ಕೂತವಳಿಗೆ ಅಡಿಗೆಮನೆಯಿಂದ ಒಗ್ಗರಣೆ ವಾಸನೆ ಬಂದಂತಾಯಿತು.

ಜೂನ್ 3, ಮಂಗಳವಾರ, ಸಂಜೆ

ಅವನು ಬರುವ ಮುಂಚೆ ಒಮ್ಮೆ ಬರೆದುಬಿಡುತ್ತೇನೆ. ನನ್ನ ಸಿಟ್ಟು ಆರದಿರಲಿ ಅಂತ.

ಎರಡು ವರ್ಷದ ಹಿಂದೆ. ಹಿರೇವಡ್ಡಟ್ಟಿಯಲ್ಲಿ ಗೆಳತಿಯ ಮದುವೆ ಮುಗಿಸಿ ಬರುತ್ತಿದ್ದೆವು. ನಾನು, ಸೋಮೇಶ, ಗದಗಿನಲ್ಲಿ ಜೊತೆಗೇ ನರ್ಸಿಂಗ್ ಓದಿದವರು. ನಮ್ಮ ಲಗ್ನ ನಿಶ್ಚಯವಾಗಿತ್ತು. ಇಬ್ಬರೂ ಜರ್ಮನಿಗೆ ಹೋಗುವುದು, ಅದೂ ನಿಶ್ಚಯ. ಮುಂಡರಗಿ ರಸ್ತೆ. ಅವನು ಬೈಕ್ ಹೊಡೆಯುತ್ತಿದ್ದ, ನಾನು ಹಿಂದೆ. ಫೋನ್ ಬಂತು, ತೆಗೆದ. "ಮುಂದ ನೋಡೋ," ಅಂದೆ. ರಸ್ತೆ ಪಕ್ಕ ನಿಂತ ಟ್ರ್ಯಾಕ್ಟರ್, ಟ್ರೇಲರ್ ತುಂಬ ಶೇಂಗಾ ಚೀಲ. ಅಷ್ಟೇ ನೆನಪು.

ನನಗೆ ಎಚ್ಚರವಾಗುವಷ್ಟರಲ್ಲಿ ಕತೆ ತಯಾರಾಗಿತ್ತು. ಗಾಡಿ ಹೊಡೆಯುತ್ತಿದ್ದವಳು ನಾನು. ಹಟ ಮಾಡಿ ಅವನ ಕೈಯಿಂದ ಕಸಿದುಕೊಂಡೆ. ಪೊಲೀಸರಿಗೂ ಹಾಗೇ ಹೇಳಿ ಬಂದಿದ್ದ. ವಿದೇಶಕ್ಕೆ ಹೋಗುವವನ ಮೇಲೆ ಕೇಸು ಇರಬಾರದಲ್ಲ. ನಾನು ಅಲ್ಲ ಅಂದೆ, ಅತ್ತೆ, ಕೂಗಿದೆ. ತಲೆಗೆ ಪೆಟ್ಟು ಬಿದ್ದವಳ ಮಾತು. "ನೆನಪು ಹಿಂದ ಮುಂದ ಆಗಿರತೈತಿ" ಅಂತ ಎಲ್ಲರೂ ಅಂದರು. ಅಪ್ಪ "ಆದದ್ದು ಆತು" ಅಂದ. ಅವ್ವ ಇವತ್ತಿಗೂ ನನ್ನ ಮಗ್ಗಲು ಬದಲಿಸುವಾಗ "ಯಾಕರ ಗಾಡಿ ಹೊಡ್ಯಾಕ ಹೋದಿ" ಅನ್ನುತ್ತಾಳೆ. ಬೈಗುಳವಲ್ಲ, ನಿಟ್ಟುಸಿರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ತಿಂಗಳೊಪ್ಪತ್ತಿನಲ್ಲಿ ನಿಶ್ಚಯ ಮುರಿಯಿತು. ಅದಕ್ಕೆ ನನಗೆ ಸಿಟ್ಟಿಲ್ಲ. ಓಡಿಹೋಗುವವರು ಓಡಿಹೋಗಲಿ. ಆದರೆ ಹೋಗುವಾಗ ನನ್ನ ಅವ್ವನನ್ನೂ ನನ್ನಿಂದ ಕಿತ್ತುಕೊಂಡು ಹೋದ.

ಜೂನ್ 5, ಗುರುವಾರ

ಬಂದ. ಕೈಯಲ್ಲಿ ಬಾಳೆಹಣ್ಣು, ರೋಗಿ ನೋಡಲು ಬಂದವರ ಹಾಗೆ. ಅಪ್ಪ ನೇಯಲು ಮಗ್ಗದ ಕುಣಿಗೆ ಇಳಿದವನು ಮೇಲೇಳಲಿಲ್ಲ. ಲಾಳಿ ಒಂದೇ ಸಮ ಓಡಿತು. ಅವ್ವ ಮಾತ್ರ ಚಹಾ ಮಾಡಿದಳು. "ಸೊರಗೀಯಲ್ಲಪಾ," ಅಂದಳು. ಯಾರು ಸೊರಗಿದ್ದಾರೆ ಅಂತ ಈ ಹೆಂಗಸಿಗೆ...

"ಹೆಂಗದಿ?" ಅಂದ.

"ಕಾಣಸ್ತೈತಲ್ಲ."

ನೆಲ ನೋಡುತ್ತ ವಿಷಯಕ್ಕೆ ಬಂದ. "ರಿಹ್ಯಾಬ್ ಸೆಂಟರಿನ ಇಂಟರ್‌ವ್ಯೂ. ಈ ಕೆಲಸ ಯಾಕ ಅಂತ ಕೇಳ್ತಾರ. ಪರ್ಸನಲ್ ಸ್ಟೋರಿ ಇದ್ರ ಭಾಳ ಲೈಕ್ ಮಾಡ್ತಾರಂತ."

"ನಿನ್ನ ಸ್ಟೋರಿ ಏನು?"

"ನನ್ನ ಲಗ್ನ ಆಗೋ ಹುಡುಗಿ ಆ್ಯಕ್ಸಿಡೆಂಟ್ ಆಗಿ ವೀಲ್‌ಚೇರ್‌ನ್ಯಾಗ ಅದಾಳ. ಎರಡು ವರ್ಷದಿಂದ ನಾನ ಜೋಪಾನ ಮಾಡಾಕತ್ತೀನಿ... ಹಂಗ."

ನನ್ನ ಮುಖ ನೋಡಿ ಗಡಿಬಿಡಿಯಾದ. "ತಪ್ಪು ತಿಳಕೋಬ್ಯಾಡ ವಿದ್ಯಾ. ಅಲ್ಲಿದ್ದವರಿಗೆ ಏನ್ ಗೊತ್ತಾಗತೈತಿ?"

"ಗಾಡಿ ಯಾರು ಹೊಡೀತಿದ್ರು ಅಂತ ಕೇಳಿದ್ರ?"

ಲೋಟ ಕೆಳಗಿಟ್ಟ. "ಎಲ್ಲಾರಿಗೂ ಗೊತ್ತಿದ್ದದ್ದನ್ನ ಹೇಳೂದು."

ಅಂದರೆ ನನ್ನ ಬೆನ್ನುಮೂಳೆಯ ಮೇಲೆ ಹತ್ತಿ ವಿಮಾನ ಏರಬೇಕಂತೆ. ಅದಕ್ಕೆ ಏಣಿ ನಾನೇ ಹಿಡಿಯಬೇಕಂತೆ. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದ, "ವೀಲ್‌ಚೇರ್‌ನ್ಯಾಗ ಇರೋರಿಗೆ ಜರ್ಮನ್ನಿನ್ಯಾಗ ಏನಂತಾರ?"

"ನಾಳೆ ಹೇಳ್ತೀನಿ."

ಆ ಮಾತು ನನಗೆ ಗೊತ್ತು. ಆಸ್ಪತ್ರೆಯಿಂದ ಬಂದ ಮೇಲೆ ಡಿಕ್ಷನರಿಯಲ್ಲಿ ಮೊದಲು ಹುಡುಕಿದ್ದೇ ಅದನ್ನು. ಗಂಡಸಾದರೆ ಡೇರ್ ರೋಲ್‌ಶ್ಟೂಲ್‌ಫಾರರ್. ಹೆಂಗಸಾದರೆ ದೀ ರೋಲ್‌ಶ್ಟೂಲ್‌ಫಾರೆರಿನ್. ಉದ್ದ ನೋಡಿ ಹೆದರಿದ್ದೆ. ಒಡೆದರೆ ಸರಳ. ರೋಲ್ ಅಂದರೆ ಉರುಳುವುದು. ಶ್ಟೂಲ್ ಅಂದರೆ ಕುರ್ಚಿ. ಫಾರರ್ ಅಂದರೆ ಹೊಡೆಯುವವನು — ಚಕ್ಕಡಿ ಹೊಡೆಯುವವನು, ಟ್ರ್ಯಾಕ್ಟರ್ ಹೊಡೆಯುವವನು, ಹಾಗೆ ಗಾಲಿಕುರ್ಚಿ ಹೊಡೆಯುವವನು. ಕೂತವನಲ್ಲ. ಬಿದ್ದವನಲ್ಲ. ಗಂಡಸರು ಎಷ್ಟು ಮಂದಿ ಸೇರಿದರೂ ಮಾತು ಬದಲಾಗುವುದಿಲ್ಲ, ಮುಂದಿನ ಡೇರ್ ಹೋಗಿ ದೀ ಬರುತ್ತದೆ. ಅವನ ಕೈ, ಅವನ ಮನೆ ಅನ್ನುವಾಗ ಕೊನೆಗೊಂದು ಸ್. ನಾವು ಹೆಂಗಸರು ಗುಂಪಾದರೆ ಮಾತ್ರ ಬಾಲ ಬೆಳೆಯುತ್ತದೆ, ಫಾರೆರಿನ್ನೆನ್. ನನ್ನ ಬಗ್ಗೆ ನಾನೇ ಹೇಳುವಾಗ ಮುಂದೆ ಏನೂ ಬೇಡ. ಇಷ್ ಬಿನ್ ರೋಲ್‌ಶ್ಟೂಲ್‌ಫಾರೆರಿನ್. ನಾನು ನರ್ಸ್ ಅಂದ ಹಾಗೆ, ಅಷ್ಟೇ ಸಲೀಸು.

ಗಾಲಿಕುರ್ಚಿಗೆ ಕಟ್ಟಿಹಾಕಲ್ಪಟ್ಟವರು ಅಂತಲೂ ಅಲ್ಲಿ ಬರೆಯುವವರಿದ್ದಾರೆ. ಕುರ್ಚಿಯಲ್ಲಿರುವವರಿಗೆ ಅದು ಸಿಟ್ಟು ತರಿಸುತ್ತದಂತೆ. ತರಿಸಬೇಕು. ನಮ್ಮ ಬೆಟಗೇರಿ ಓಣಿಯಲ್ಲಿ ನಾನು ಬಾಬಣ್ಣನ ಕುಂಟ ಮಗಳು. ಹಾಸಿಗೆ ಹಿಡಿದವಳು ಅಂತಲೂ ಅನ್ನುತ್ತಾರೆ, ಬೆಳಿಗ್ಗೆಯಿಂದ ಸಂಜೆತನಕ ಪಾಠ ಹೇಳುವವಳನ್ನು.

ರೋಲ್‌ಶ್ಟೂಲ್‌ಫಾರೆರಿನ್ ನನ್ನ ಮಾತು. ಅವನ ಬಾಯಿಗೆ ಯಾಕೆ ಕೊಡಲಿ?

ಇನ್ನೊಂದು ಮಾತಿದೆ. ಡೇರ್ ಕ್ರ್ಯುಪ್ಪೆಲ್. ಕುಂಟ, ಹೆಳವ ಅಂತ ಉಗಿದ ಹಾಗೆ. ಇವತ್ತು ಅಲ್ಲಿ ಯಾವ ನರ್ಸೂ ಅದನ್ನು ಬಾಯಿಗೆ ತರುವುದಿಲ್ಲ. ತಂದರೆ ಬಾಗಿಲು ತೋರಿಸುತ್ತಾರೆ.

ಜೂನ್ 6, ಶುಕ್ರವಾರ

ಕಲಿಸಿದೆ.

"ಕ್ರ್ಯುಪ್ಪೆಲ್," ಅಂದೆ.

"ಕ್ರುಪ್ಪೆಲ್."

"ತುಟಿ ಮುಂದ ಮಾಡು. ಸೀಟಿ ಊದಾಂವ್ರಂಗ."

ತುಟಿ ಮುಂದೆ ಮಾಡಿದ. ಒಂದು ಕಾಲದಲ್ಲಿ ಆ ತುಟಿ ನೋಡಿ ನಾಚುತ್ತಿದ್ದೆ. ಥೂ.

"ಇದು ಗಂಡೋ ಹೆಣ್ಣೋ?" ಅಂತ ಕೇಳಿದ. ಪರವಾಗಿಲ್ಲ, ಅಷ್ಟು ಕಲಿತಿದ್ದಾನೆ. ಗಂಡು, ಆದರೆ ಹೆಂಗಸರಿಗೂ ಅದೇ ನಡೆಯುತ್ತದೆ, ಇದಕ್ಕೆ ಇನ್ ಬಾಲ ಇಲ್ಲ ಅಂತ ಹೇಳಿದೆ. ಅದು ಸುಳ್ಳಲ್ಲ. ಬೈಗುಳಕ್ಕೆ ಹೆಣ್ಣು ರೂಪ ಮಾಡುವಷ್ಟು ಪುರುಸೊತ್ತು ಯಾರಿಗಿದೆ.

ಪೂರ್ತಿ ವಾಕ್ಯ ಹೇಳಿಸಿದೆ. ನನ್ನ ನಿಶ್ಚಯದ ಹುಡುಗಿ ಕ್ರ್ಯುಪ್ಪೆಲ್. ನಾನು ಅವಳನ್ನು ನೋಡಿಕೊಳ್ಳುತ್ತೇನೆ. "ಜೋರಾಗಿ ಅನ್ನು. ಕಾನ್ಫಿಡೆನ್ಸ್ ಬೇಕು." ಜೋರಾಗಿ ಅಂದ, ನನ್ನ ಮುಖಕ್ಕೇ. ಮತ್ತೆ ಅನ್ನಿಸಿದೆ. ಮತ್ತೆ. ಅಂದಷ್ಟೂ ಅವನು ಹೊಂಡದೊಳಗೆ ಇಳಿಯುತ್ತಿದ್ದಾನೆ ಅಂತ ಸಮಾಧಾನ ಮಾಡಿಕೊಂಡೆ. ಆದರೂ ಕೊನೆಗೆ ಸಾಕು ಅಂದವಳು ನಾನೇ.

ಜೂನ್ 9, ಸೋಮವಾರ

ಸೋಮೇಶ ಖುಷಿಯಲ್ಲಿದ್ದಾನೆ. "ಗೂಗಲ್‌ನ್ಯಾಗೂ ನೋಡಿದೆ. ಕರೆಕ್ಟ್ ಐತಿ," ಅಂದ.

ಅರ್ಥ ನೋಡಿದ್ದಾನೆ. ಕುಂಟಿ ಅಂತ ಬಂದಿದೆ. ಅವನಿಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಇದ್ದ ಒಂದಿಷ್ಟು ಅಳುಕೂ ಹೋಯಿತು ನನಗೆ.

ಹೊರಡುವಾಗ ಹೊಸ ರಾಗ. "ಇಂಟರ್‌ವ್ಯೂ ದಿನ ನೀನೂ ಅಮೀರಾ ಮ್ಯಾಡಮ್ ಕ್ಲಾಸಿಗೆ ಬಂದು ನನ್ನ ಬಾಜು ಕುಂತ್ರ ಚಲೋ ಇಂಪ್ರೆಷನ್ ಆಗತೈತಿ. ಖರೆ ಅನಸ್ತೈತಿ ಅವರಿಗೆ."

"ಬರ್ತೀನಿ."

"ಖರೇನ?"

"ಖರೇನ."

ಕಣ್ಣಲ್ಲಿ ನೀರು ತಂದುಕೊಂಡ. ನನ್ನದು ದೊಡ್ಡ ಮನಸ್ಸಂತೆ.

ಜೂನ್ 11, ಬುಧವಾರ

ಅವ್ವ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತ ಕೇಳಿದಳು, "ಅದೇನದು ಸೋಮೇಶ ದಿನಾ ಅಂತಾನಲ್ಲ... ಕ್ರುಪ್ಪೆಲ್. ನಿನಗ ಅಂತಾನೇನು?"

"ಹೂಂ."

"ಚಲೋ ಐತಿ ಹೆಸರು," ಅಂದಳು. ನೂಲು ಎಳೆಯುತ್ತ ಒಳಗೊಳಗೇ ನಕ್ಕಳು. ಮುರಿದದ್ದು ಕೂಡುತ್ತದೆ ಅಂತ ತಿಳಿದಿದ್ದಾಳೆ.

ಇವತ್ತು ಇಷ್ಟು ಸಾಕು.

ಜೂನ್ 17, ಮಂಗಳವಾರ, ಮಧ್ಯಾಹ್ನ

ಎಲ್ಲ ಕೆಟ್ಟಿತು.

ಅಸುಂಡಿಯ ಸೀಮಾ ಫೋನ್ ಮಾಡಿದ್ದಳು. ನನ್ನ ಬ್ಯಾಚಿನಲ್ಲಿ ಎಲ್ಲರಿಗಿಂತ ಕಷ್ಟಪಡುವವಳು. ಬಸ್ಸಿನಲ್ಲಿ ನಿಂತೇ ಕ್ರಿಯಾಪದ ಬಾಯಿಪಾಠ ಮಾಡುತ್ತಾಳೆ. ನಾಳೆ ಅವಳದೂ ಇಂಟರ್‌ವ್ಯೂ, ಅದೇ ಸೆಂಟರು. "ಒಂದ ಸಲ ಕೇಳ್ರಿ ಮ್ಯಾಡಮ್," ಅಂದಳು. ಚೆನ್ನಾಗಿಯೇ ಹೇಳುತ್ತಿದ್ದಳು. ನಡುವೆ — ನಾನು ಕ್ರ್ಯುಪ್ಪೆಲ್‌ಗಳ ಸೇವೆ ಮಾಡಲು ಬಯಸುತ್ತೇನೆ.

"ಆ ಮಾತು ಎಲ್ಲಿಂದ ಬಂತು?"

"ಸೋಮೇಶಣ್ಣ ಹೇಳಿದ್ರಿ. ರೋಲ್‌ಶ್ಟೂಲ್ ನನಗ ಬಾಯಾಗ ಹೊಳ್ಳೂದಿಲ್ರಿ. ಇದು ಸಣ್ಣದು ಐತೆಲ್ರಿ."

ಸುಮ್ಮನಿರಬಹುದಿತ್ತು. ಒಂದು ದಿನ ಸುಮ್ಮನಿದ್ದರೆ ಸಾಕಿತ್ತು. ಅವನು ಬೀಳುತ್ತಿದ್ದ. ಅವಳೂ ಬೀಳುತ್ತಿದ್ದಳು, ಅವನಿಗಿಂತ ಮೊದಲು. ಅವಳ ಸರದಿ ಮೊದಲಿದೆ.

"ಅದು ಬೈಗುಳ, ಸೀಮಾ. ಅನ್ನಬ್ಯಾಡ. ರೋಲ್‌ಶ್ಟೂಲ್‌ಫಾರರ್ ಅನ್ನು. ಒಡದು ಒಡದು ಅನ್ನು. ನಾ ಕೇಳ್ತೀನಿ."

ನಾಲಿಗೆ ಹೊಳ್ಳುವ ತನಕ ಹೇಳಿಸಿದೆ. ಹೊಳ್ಳಿತು. ಕೊನೆಗೆ ಅವಳು, "ಸೋಮೇಶಣ್ಣಗೂ ಹೇಳಿಬಿಡ್ತೀನ್ರಿ, ಪಾಪ," ಅಂದಳು. ಬೇಡ ಅಂದರೆ ಯಾಕೆ ಅಂತ ಕೇಳುತ್ತಾಳೆ. ಹೂಂ ಅಂದೆ.

ಸ್ವಲ್ಪ ಹೊತ್ತಿಗೆ ಅವನ ಫೋನು. "ಏನಿದು? ಸೀಮಾ ಏನೇನೋ ಅನ್ನಾಕತ್ತಾಳ."

"ಅದು ಹಳೇ ಮಾತು. ಅಕಿ ಹೇಳಿದ್ದ ಕರೆಕ್ಟ್ ಐತಿ."

"ಮೊದಲ ಹೇಳಬೇಕಿಲ್ಲೇನು?" ಅಂದ. ಅಷ್ಟೇ. ಅನುಮಾನವೂ ಬರಲಿಲ್ಲ ಅವನಿಗೆ. ನಾನು ಸೇಡು ತೀರಿಸಿಕೊಳ್ಳಬಲ್ಲವಳು ಅಂತಲೇ ಅವನಿಗೆ ಅನಿಸಿಲ್ಲ.

ಕೈಗೆ ಬಂದ ತುತ್ತು. ದಿಂಬಿಗೆ ಗುದ್ದಿದೆ. ಅಪ್ಪ ಲಾಳಿ ನಿಲ್ಲಿಸಿ ಈ ಕಡೆ ನೋಡಿದ.

ಒಂದು ಮಾತು ಹೋಯಿತು. ಇರಲಿ. ನಾಳೆ ನಾನು ಅವನ ಬಾಜು ಕೂರುತ್ತೇನೆ. ಕರೆದವನು ಅವನೇ.

ಜೂನ್ 18, ಬುಧವಾರ, ಸಂಜೆ

ನಮ್ಮ ಓಣಿಯ ಇಸ್ಮಾಯಿಲಸಾಬರ ಆಟೋದಲ್ಲಿ ಕ್ಲಾಸಿಗೆ ಹೋದೆ. ತಿಳಿ ಹಸಿರು ಚೂಡಿದಾರ. ಅವ್ವ ಹಟಮಾಡಿ ತಲೆಗೆ ಹೂವು ಮುಡಿಸಿದ್ದಳು.

ಸೀಮಾ ಇಂಟರ್‌ವ್ಯೂ ಮುಗಿಸಿ ಹೊರಬಂದಾಗ ಮುಖ ಅರಳಿತ್ತು. ಆಮೇಲೆ ಸೋಮೇಶ. ಅಮೀರಾ ಮ್ಯಾಡಮ್ ಲ್ಯಾಪ್‌ಟಾಪ್ ಪಕ್ಕ ನಿಂತಿದ್ದರು. ಸ್ಕ್ರೀನಿನಲ್ಲಿ ಜರ್ಮನಿಯ ಮ್ಯಾಡಮ್, ಬಿಳಿಕೂದಲು, ಶಾಂತ ಮುಖ. ಅವನು ನನ್ನ ಕುರ್ಚಿಯ ಹಿಡಿಕೆಯ ಮೇಲೆ ಕೈ ಇಟ್ಟುಕೊಂಡು ನಿಂತ. ಫೋಟೋಕ್ಕೆ ನಿಂತವರ ಹಾಗೆ. ನನ್ನನ್ನು ಕೇಳದೆ ಆ ಹಿಡಿಕೆ ಯಾರೂ ಮುಟ್ಟುವುದಿಲ್ಲ.

ಕಲಿಸಿದ್ದನ್ನು ತಪ್ಪಿಲ್ಲದೆ ಒಪ್ಪಿಸಿದ. ಇವಳು ನನ್ನ ನಿಶ್ಚಯದ ಹುಡುಗಿ. ರೋಲ್‌ಶ್ಟೂಲ್‌ಫಾರೆರಿನ್. ಎರಡು ವರ್ಷದಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ನನ್ನ ಮಾತು ಅವನ ಬಾಯಲ್ಲಿ ಎಂಜಲಾಯಿತು.

ಸ್ಕ್ರೀನಿನ ಮ್ಯಾಡಮ್ ಕೇಳಿದರು, "ಹೇಗಾಯಿತು? ಅಪಘಾತದಲ್ಲಿ ಗಾಡಿ ಓಡಿಸುತ್ತಿದ್ದವರು ಯಾರು?"

ಹಿಡಿಕೆಯ ಮೇಲಿನ ಅವನ ಕೈ ಬಿಗಿಯಾಯಿತು. "ಇವಳು," ಅಂದ. "ಫಾರೆರಿನ್ ಇವಳೇ."

ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಂದ.

ಆಕೆ ನನ್ನ ಕಡೆ ತಿರುಗಿ, "ನಿಮಗೆ ಜರ್ಮನ್ ಬರುತ್ತದೆಯೇ?" ಅಂತ ನಿಧಾನವಾಗಿ ಕೇಳಿದರು.

"ಬರುತ್ತದೆ. ಇವನಿಗೆ ಕಲಿಸಿದವಳು ನಾನೇ," ಅಂದೆ. "ನಾನು ರೋಲ್‌ಶ್ಟೂಲ್‌ಫಾರೆರಿನ್, ಅದು ಸರಿ. ಉಳಿದದ್ದು ಸುಳ್ಳು. ನಿಶ್ಚಯ ಎಂದೋ ಮುರಿದಿದೆ. ಇವನು ನನಗೆ ಒಂದು ಲೋಟ ನೀರು ಕೊಟ್ಟವನಲ್ಲ. ಆವತ್ತು ಗಾಡಿ ಹೊಡೆದದ್ದು ಇವನು. ನಾನು ಹಿಂದೆ ಕೂತಿದ್ದೆ. ಎರ್ ವಾರ್ ಡೇರ್ ಫಾರರ್."

ಆ ಕೊನೆಯ ವಾಕ್ಯವನ್ನು ಎರಡು ಸಲ ಅಂದೆ. ಬೇಕಾಗಿರಲಿಲ್ಲ. ಬೇಕೆನಿಸಿತು.

ಆಕೆ ಕನ್ನಡಕ ತೆಗೆದರು. ಅವನನ್ನೇ ನೋಡಿದರು. ಧನ್ಯವಾದ ಹೇಳಿ ಮುಗಿಸಿಬಿಟ್ಟರು.

"ವಿದ್ಯಾ... ಏನ್ ಮಾಡಿಟ್ಟಿ," ಅಂದ.

"ಕೈ ತಗಿ," ಅಂದೆ. ಇನ್ನೂ ಹಿಡಿಕೆ ಹಿಡಿದೇ ಇದ್ದ.

ಅಮೀರಾ ಮ್ಯಾಡಮ್ ನನ್ನ ಹೆಗಲು ಮುಟ್ಟಿ ಬಾಗಿಲು ತೆರೆದರು.

"ಏನ್ ತಂಗೀ, ಆತೇನು ಕೆಲಸ?" ಅಂದರು ಇಸ್ಮಾಯಿಲಸಾಬರು.

"ಆತ್ರಿ ಕಾಕಾ."

ಇಲ್ಲಿ ಸುಳ್ಳು ಬರೆಯುವುದಿಲ್ಲ. ಖುಷಿಯಾಗಿದೆ. ಪಾಪ ಅನಿಸಬೇಕಿತ್ತೇನೋ, ಅನಿಸಲಿಲ್ಲ. ರೊಟ್ಟಿ ಕೇಳಿ ಕೇಳಿ ಹಾಕಿಸಿಕೊಂಡೆ. ಅವ್ವ, "ಸೋಮೇಶಂದು ಚಲೋ ಆತೇನು?" ಅಂದಳು. ಬಾಯಿ ತುಂಬ ರೊಟ್ಟಿ. ಇನ್ನೊಂದು ಅಂತ ತಟ್ಟೆ ಮುಂದೆ ಮಾಡಿದೆ.

ಜೂನ್ 22, ಭಾನುವಾರ

ಸೋಮೇಶನ ಅಪ್ಪ ಹನಮಪ್ಪ ಬಂದಿದ್ದ. ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತ. ಒಳ್ಳೆಯ ಮನುಷ್ಯ, ಮಗನ ಮಾತು ನಂಬಿದವನು.

"ಯವ್ವಾ, ಅಂವ ಊಟ ಬಿಟ್ಟಾನ. ಸಿಟ್ಟಿನ್ಯಾಗ ಹಂಗ ಅಂದೆ ಅಂತ ಆ ಜರ್ಮನಿ ಮ್ಯಾಡಮ್‌ಗ ಒಂದು ಮೇಲ್ ಹಾಕು. ಅಂವ ನಿನ್ನ ಲಗ್ನ ಆಗ್ತಾನ. ನಾ ಮಾತು ಕೊಡ್ತೀನಿ. ಜರ್ಮನಿಗೆ ನಿನ್ನೂ ಕರಕೊಂಡು ಹೋಗ್ತಾನ."

ಅವ್ವನ ಮುಖ ನೋಡಲಾಗಲಿಲ್ಲ. ಅಷ್ಟು ಬೆಳಕು. ಎಲ್ಲ ಆಗ ಗೊತ್ತಾಯಿತು ಅವಳಿಗೆ, ನಾನು ಅಲ್ಲಿ ಏನು ಅಂದೆ ಅನ್ನುವುದು. ಆದರೂ ಕಿವಿಗೆ ಬಿದ್ದದ್ದು ಲಗ್ನ ಒಂದೇ.

"ವಿಚಾರ ಮಾಡು ವಿದ್ಯಾ. ನಾವು ಹ್ವಾದ ಮ್ಯಾಲ ಯಾರು ನಿನಗ? ಯಾರ ಹೊಡದಿರ್ಲಿ, ಆದದ್ದು ಆಗಿ ಹೋತು."

ಯಾರಾದರೂ ಹೊಡೆದಿರಲಿ. ಅಂದರೆ ಇನ್ನೂ ನಂಬಿಲ್ಲ.

"ಕಾಕಾ," ಅಂದೆ ಹನಮಪ್ಪನಿಗೆ. "ಅಂವನ ಬರ್ಲಿ. ನಮ್ಮ ಅಪ್ಪ ಅವ್ವನ ಮುಂದ, ನಿಮ್ಮ ಮುಂದ, ಆವತ್ತು ಯಾರು ಹೊಡೀತಿದ್ರು ಅಂತ ಹೇಳ್ಲಿ. ಆಮ್ಯಾಲ ನೋಡೂಣು."

ಹೇಳಿಸ್ತೀನಿ ಅಂದು ಎದ್ದ. ತನ್ನ ಮಗ ಹೇಳುವುದು ಏನು ಅಂತ ಅವನಿಗೆ ಇನ್ನೂ ಗೊತ್ತಿಲ್ಲ.

ಜೂನ್ 24, ಮಂಗಳವಾರ

ಬಂದರು, ಅಪ್ಪ ಮಗ ಇಬ್ಬರೂ. ಅವ್ವ ಚಹಾ ಕೊಟ್ಟಳು. ಅಪ್ಪ ಎಂದಿನಂತೆ ಕುಣಿಯಲ್ಲಿ.

ಸೋಮೇಶ ಚಹಾದ ಬಸಿ ಕೈಯಲ್ಲಿ ಹಿಡಿದುಕೊಂಡೇ ಹೇಳಿದ. ನೆಲಕ್ಕೆ ಹೇಳಿದ.

"ನಾನ ಹೊಡೀತಿದ್ದೆ ಅತ್ತಿ. ಅಕಿ ಹಿಂದ ಕುಂತಿದ್ಲು. ಫೋನ್ ಬಂದಿತ್ತು... ಮುಂದ ನೋಡು ಅಂದ್ಲು ಅಕಿ. ನಾ ನೋಡ್ಲಿಲ್ಲ."

ಲಾಳಿ ನಿಂತಿತು.

ಹನಮಪ್ಪ ಮಗನ ಕಡೆ ತಿರುಗಿದವನು ರುಮಾಲು ತೆಗೆದು ನೆಲಕ್ಕಿಟ್ಟ. ನಾನು ಅವ್ವನನ್ನೇ ನೋಡುತ್ತಿದ್ದೆ. ಕೂಗುತ್ತಾಳೆ, ಎದೆ ಬಡಿದು ಅಳುತ್ತಾಳೆ ಅಂದುಕೊಂಡಿದ್ದೆ. ಎದ್ದು ಹೋಗಿ ಅವನ ಕೈಯಿಂದ ಬಸಿ ತೆಗೆದುಕೊಂಡಳು. ತುಂಬಿದ ಚಹಾ. ಅಂಗಳಕ್ಕೆ ಚೆಲ್ಲಿ ಬಂದಳು.

"ಎರಡು ವರ್ಷ ನನ್ನ ಬಾಯಿಲೆ ನನ್ನ ಮಗಳಿಗೆ ಅನಿಸಿದ್ಯಲ್ಲೋ," ಅಂದಳು. "ನನ್ನ ಬಾಯಿಲೆ."

ಅವನು ಕಾಲಿಗೆ ಬೀಳಲು ಬಗ್ಗಿದ. ಹಿಂದೆ ಸರಿದಳು.

ಸೋಮೇಶ ಎದ್ದು ನಿಂತು ನನ್ನ ಕಡೆ ನೋಡಿ ಕೇಳಿದ, ಇಷ್ಟಾದ ಮೇಲೂ ಕೇಳಿದ, "ಈಗ ಮೇಲ್ ಹಾಕ್ತೀಯಲ್ಲ? ಹೇಳಿದ್ನೆಲ್ಲ."

"ಆಮ್ಯಾಲ ನೋಡೂಣು ಅಂದಿದ್ನಿ. ನೋಡಿದ್ನಿ. ಹೋಗಿನ್ನ."

ಹನಮಪ್ಪ ರುಮಾಲು ಅಲ್ಲೇ ಮರೆತು ಹೋದ. ಅಪ್ಪ ಅದನ್ನು ಹಿಡಿದುಕೊಂಡು ಓಣಿಯ ತುದಿತನಕ ನಡೆದ. ಕೊಟ್ಟು ಬಂದವನು ನನ್ನ ಮುಂದೆ ನೆಲದ ಮೇಲೆ ಕೂತ. ನನ್ನ ಪಾದ ಹಿಡಿದುಕೊಂಡ. ನನಗೆ ಅಲ್ಲಿ ಏನೂ ಗೊತ್ತಾಗುವುದಿಲ್ಲ ಅಂತ ಅವನಿಗೆ ಗೊತ್ತು. ಆದರೂ ಹಿಡಿದುಕೊಂಡೇ ಇದ್ದ.

ಜೂನ್ 26, ಗುರುವಾರ, ಬೆಳಿಗ್ಗೆ

ಸೀಮಾ ಸೆಲೆಕ್ಟ್ ಆಗಿದ್ದಾಳೆ. ಫೋನಿನಲ್ಲಿ ಅತ್ತಳು. ಅವಳ ಅವ್ವನೂ ಅತ್ತಳು.

ನಾವು ಇವತ್ತು ಮುಂಡರಗಿಗೆ ಹೊರಟಿದ್ದೇವೆ. ಪೊಲೀಸರ ಮುಂದೆ ನಾನು ಹೇಳಬೇಕಾದದ್ದನ್ನು ನಾನೇ ಹೇಳಿ ಬರಲು. ಅಮೀರಾ ಮ್ಯಾಡಮ್ ವಕೀಲರನ್ನು ಗೊತ್ತುಮಾಡಿದ್ದಾರೆ. ಇದಾದರೆ ಸೋಮೇಶನಿಗೆ ವೀಸಾ ಕಷ್ಟ ಅಂದರಂತೆ ವಕೀಲರು. ಗೊತ್ತು. ಅದಕ್ಕೇ ಹೊರಟಿರುವುದು. ನ್ಯಾಯ ಗೀಯ ಅಂತ ದೊಡ್ಡ ಮಾತು ಬೇರೆಯವರು ಆಡಲಿ.

ಬೇಡ ಅನ್ನಲಿಲ್ಲ ಅವ್ವ. ಇಳಕಲ್ ಸೀರೆ ಉಟ್ಟು ನನಗಿಂತ ಮೊದಲೇ ತಯಾರು. ಬುತ್ತಿ ಕಟ್ಟಿದ್ದಾಳೆ. ಅಪ್ಪ ಆಟೋ ತರಲು ಹೋಗಿದ್ದಾನೆ. ಅಷ್ಟರೊಳಗೆ ಇಷ್ಟು ಬರೆಯೋಣ ಅಂತ —

ಬಾಗಿಲಲ್ಲಿ ಯಾರೋ. ಸೋಮೇಶ. ಗಡ್ಡ ಬಿಟ್ಟಿದ್ದಾನೆ. ಒಳಗೆ ಬರುತ್ತಿಲ್ಲ. ಹೊಸ್ತಿಲ ಆಚೆ, ಅಪ್ಪ ನನ್ನ ಕುರ್ಚಿಗಾಗಿ ಹಾಕಿದ ಹಲಗೆಯ ಮೇಲೆಯೇ ಕುಕ್ಕರುಗಾಲಲ್ಲಿ ಕೂತಿದ್ದಾನೆ, ದಾರಿಗೆ ಅಡ್ಡ. "ವಿದ್ಯಾ, ಮುಂಡರಗಿಗೆ ಹೋಗಬ್ಯಾಡ. ಒಂದ ಮಾತು ಕೇಳು," ಅನ್ನುತ್ತಿದ್ದಾನೆ. ಓಣಿಯಲ್ಲಿ ಇಸ್ಮಾಯಿಲಸಾಬರ ಹಾರ್ನ್. ಅವ್ವ ನನ್ನ ಮುಖ ನೋಡುತ್ತಿದ್ದಾಳೆ, ಕುರ್ಚಿ ಮುಟ್ಟಿಲ್ಲ.

ಕುರ್ಚಿಯ ಬ್ರೇಕ್ ಬಿಟ್ಟಿದ್ದೇನೆ. ದಾರಿ ಬಿಟ್ಟು ಸರಿ ಅಂತ ಒಂದು ಸಲ ಹೇಳುತ್ತೇನೆ. ಸರಿಯದಿದ್ದರೂ ಹೊಡೆಯುತ್ತೇನೆ. ಇವತ್ತು ಫಾರೆರಿನ್ ನಾನೇ.